ಡಬ್ಬಿ ಮೂಸಿ ಚಹಾಪುಡಿ ಅಳೆಯುವ ರೇಣುಕಮ್ಮ

ಕನಕಗಿರಿ ಸಂತೆಯಲ್ಲಿ ತರಕಾರಿ ಚೀಲಗಳ ಬಾಯಿ ಇನ್ನೂ ಬಿಚ್ಚಿಲ್ಲ. ರೇಣುಕಮ್ಮ ಆಗಲೇ ಯಾರದೋ ಸ್ಟೀಲ್ ಡಬ್ಬಿಯೊಳಗೆ ಮೂಗು ತೂರಿಸಿದ್ದಾರೆ. ಡಬ್ಬಿ ಮೂಸಿ, ಮುಚ್ಚಳವನ್ನು ಬೇರೆಯಾಗಿ ಮೂಸಿ, "ಮುಚ್ಚಳದಾಗ ಮಸಾಲಿ ಕುಂತೈತ್ರಿ, ಬ್ಯಾರೆ ತರ್ರಿ" ಎಂದು ವಾಪಸ್ ಕೊಡುತ್ತಾರೆ. ಬೋಣಿಗೆಯ ಗಿರಾಕಿ ಎಂಬ ಮುಲಾಜೂ ಇಲ್ಲ!

ಐವತ್ತಾರರ ಈಕೆ ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಬಿಡಿ ಚಹಾಪುಡಿ ಮಾರುತ್ತಾರೆ. ಸಂತೆಗೆ ಮೂವತ್ತು ಕಿಲೋ ಪುಡಿ, ನೂರರ ಹತ್ತಿರ ಡಬ್ಬಿ. ಡಬ್ಬಿ ಗಿರಾಕಿಯೇ ತರಬೇಕು. ಸ್ಟೀಲೋ ತಗಡೋ, ಮುಚ್ಚಳ ಬಿಗಿ ಇರಬೇಕು. ಗಾಜಿನ ಬಾಟಲಿಗೆ, "ಕಪಾಟಿನಾಗ ಇಡೂದಾದ್ರ ಹಾಕತೀನಿ. ಬಿಸಲು ಬಡಿದ್ರ ಪುಡಿ ಸತ್ತಂಗ." ಕಾಲು ಕಿಲೋಗೆ ದೊಡ್ಡ ಡಬ್ಬಿ ತಂದವರಿಗೆ, "ಪುಡಿ ತುಂಬಿಡ್ರಿ, ಗಾಳಿ ಅಲ್ಲ."

ಅಕ್ಕಿ ಗಿರಣಿಯ ಹಮಾಲಿಯಲ್ಲಿ ಗಂಡ ಗೋಣೆಪ್ಪನ ಸೊಂಟ ಹೋದಾಗ ಶುರುವಾದ ವ್ಯಾಪಾರವಿದು. ಮೊದಲ ಮೂಟೆಯನ್ನು, ಮುಚ್ಚಳ ಬಿಗಿ ಎಂದು, ಸೀರೆಯ ಟ್ರಂಕಿಗೆ ಸುರಿದಿದ್ದರು. ಅದರೊಳಗೆ ನುಸಿಗೆಂದು ಇಟ್ಟಿದ್ದ ಡಾಂಬರ ಗುಳಿಗೆ ತೆಗೆದರೂ ವಾಸನೆ ಹೋಗಿರಲಿಲ್ಲ. "ಊರ ಮಂದಿ ಚಾ ಬಾಯಿಗಿಟ್ಟು ಉಗುಳಿದ್ರು. ನನ್ನ ಮದುವಿ ಸೀರಿ ವಾಸನಿ ಎಲ್ಲಾರ ಮನಿಗೂ ಹೋತು ನೋಡ್ರಿ!" ಎಂದು ಈಗ ನಗುತ್ತಾರೆ. ಉಳಿದ ಪುಡಿಯೆಲ್ಲ ತಿಪ್ಪೆಗೆ ಹೋದ ಆ ದಿನ ಅತ್ತಿದ್ದರಂತೆ.

ಆದರೆ ಇಂದು ಅವರ ಕಣ್ಣು ಪದೇಪದೇ ರಸ್ತೆಯ ಕಡೆಗಿದೆ. ಹುಲಿಗಿಯಲ್ಲಿ ಹೋಟೆಲ್ ನಡೆಸುವ ವಿರುಪಾಕ್ಷಿ ಪ್ರತಿ ಸಂತೆಗೂ ಎಂಟು ಕಿಲೋ ಒಯ್ಯುವ ಗಿರಾಕಿ. ಎರಡು ವಾರದ ಹಿಂದೆ ಅವನ ಡಬ್ಬದಲ್ಲಿ ಬೆಳ್ಳುಳ್ಳಿ ಖಾರದ ವಾಸನೆ ಇದೆಯೆಂದು ರೇಣುಕಮ್ಮ ಪುಡಿ ಹಾಕಲು ಒಪ್ಪಿರಲಿಲ್ಲ. "ತೊಳದು ಬಿಸಲಿಗೆ ಇಟ್ಟೀನಿ" ಎಂದು ರೇಗಿ ಹೋದವನು ಹೋದ ವಾರ ಬರಲಿಲ್ಲ. "ಅಂಥಾ ಗಿರಾಕಿನ ಕಳಕೊಂಡ್ಯಲ್ಲ" ಎಂದು ಪಕ್ಕದಲ್ಲಿ ಕೂತ ಗೋಣೆಪ್ಪ ಗೊಣಗುತ್ತಲೇ ಇದ್ದಾನೆ.

ಬಿಸಿಲೇರುವಾಗ ವಿರುಪಾಕ್ಷಿ ಬರುತ್ತಾನೆ, ಕೈಯಲ್ಲಿ ಹೊಚ್ಚಹೊಸ ಡಬ್ಬ. "ಬ್ಯಾರೆ ಕಡೆ ಪುಡಿ ತಗೊಂಡು ಆ ಹಳೇ ಡಬ್ಬದಾಗ ತುಂಬಿದ್ನಿ ಯಕ್ಕಾ. ಹುಣ್ಣಿಮಿಗೆ ಗುಡಿಗೆ ಬಂದ ಮಂದಿಯೆಲ್ಲಾ ಬಳ್ಳೊಳ್ಳಿ ಚಾ ಅಂತ ನಕ್ರು."

ರೇಣುಕಮ್ಮ ಹೊಸ ಡಬ್ಬವನ್ನೂ ಮೂಸುತ್ತಾರೆ. "ಮಿಷನ್ ಎಣ್ಣಿ ವಾಸನಿ ಹೋಗಿಲ್ಲಪ್ಪ." ಗೋಣೆಪ್ಪ ಹಣೆ ಚಚ್ಚಿಕೊಳ್ಳುತ್ತಾನೆ. ರೇಣುಕಮ್ಮ ಮಾತ್ರ ತಮ್ಮದೇ ಹಳೆಯ ತಗಡಿನ ಡಬ್ಬಕ್ಕೆ ಎಂಟು ಕಿಲೋ ಅಳೆದು, "ಬರೋ ಸಂತಿಗೆ ತಂದುಕೊಡು" ಎಂದು ಮುಂದೆ ಸರಿಸುತ್ತಾರೆ.

ವಿರುಪಾಕ್ಷಿ ಮುಚ್ಚಳ ತೆಗೆದು ತಾನೂ ಮೂಗು ಹತ್ತಿರ ಒಯ್ಯುತ್ತಾನೆ.

"ಮೂಸು, ಮೂಸು" ಎನ್ನುತ್ತಾರೆ ರೇಣುಕಮ್ಮ. "ಸೀರಿ ಟ್ರಂಕ್ ಬಿಟ್ಟ ದಿನದಿಂದ ಇದರಾಗ ಚಾ ಬಿಟ್ಟು ಬ್ಯಾರೆ ಏನೂ ಬಿದ್ದಿಲ್ಲ."