ಬೀಗದ ಒಳಗಿನ ಸಂಬಳ

ಹೋದ ವಾರ ಎದುರು ಮನೆಗೆ ಹೊಸದಾಗಿ ಬಂದ ಸೊಸೆ, ಯಾರೋ ಹೇಳಿದರೆಂದು, ನಿಂಬೆಹಣ್ಣಿನ ದೀಪವನ್ನು ಮನೆಯಲ್ಲೇ ಹಚ್ಚಿಬಿಟ್ಟಿದ್ದಳು. ತುಪ್ಪದ ಜೊತೆ ನಿಂಬೆ ಸಿಪ್ಪೆ ಸೀಯುವ ವಾಸನೆ ನಮ್ಮ ಅಡಿಗೆಮನೆಯ ಕಿಟಕಿಯವರೆಗೂ ಬಂತು. ಓಡಿಹೋಗಿ, "ಮನೇಲಿ ಹಚ್ಬಾರ್ದಮ್ಮ, ಇದು ಅಮ್ಮನ ಗುಡೀಲಿ ಹಚ್ಚೋದು" ಎಂದು ಹೇಳಿ ಬಂದೆ. ವಾಪಸು ಬಂದಮೇಲೆ ಒಲೆಯ ಮೇಲಿಟ್ಟ ಹಾಲು ನೆನಪಾಗಲಿಲ್ಲ. ನೆನಪಾದವಳು ನಮ್ಮ ಮಹಡಿ ಮನೆಯ ಹುಡುಗಿ...

ತೊಂಬತ್ತರ ದಶಕದ ಕೊನೆಯಲ್ಲಿ ಅವಳು ಪದ್ಮನಾಭನಗರದ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಳು. ಧಾರವಾಡದ ಕಡೆಯವಳು. ಅವಳ ಕೆಲಸ ಏನೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ವಿದೇಶದ ಕಂಪನಿಗಳು ಇಲ್ಲಿ ಶರ್ಟು ಪ್ಯಾಂಟು ಹೊಲಿಸುತ್ತವಲ್ಲ, ಅವರ ಪರವಾಗಿ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿಗೆ ಹೋಗಿ, ಹೊಲಿಯುವ ಹೆಂಗಸರನ್ನು ಸರಿಯಾಗಿ ನಡೆಸಿಕೊಳ್ಳುತ್ತಾರೋ ಇಲ್ಲವೋ ನೋಡಿ ವರದಿ ಕೊಡುವುದು. ಅದಕ್ಕೂ ಒಂದು ಆಫೀಸು, ಒಂದು ಸಂಬಳ. ಇಂಥ ಕೆಲಸವೂ ಇದೆಯಲ್ಲ ಎಂದು ನಾನು ದೇವರಿಗೆ ಕೈ ಮುಗಿದಿದ್ದೆ.

ಒಂದು ದಿನ ಸಪ್ಪೆ ಮುಖ ಹೊತ್ತು ಬಂದು ಮೆಟ್ಟಿಲ ಮೇಲೆ ಕೂತಳು. "ನಾ ಹ್ವಾದ ದಿನಾ ಎಲ್ಲಾ ಚೊಲೋನ ಇರ್ತದ್ರಿ ಅಕ್ಕಾರ. ಹೆಣ್ಮಕ್ಕಳನ್ನ ಕೇಳಿದ್ರ ಎಲ್ಲಾರೂ ಒಂದ ಮಾತ ಹೇಳ್ತಾರ, ಪಾಠಾ ಒಪ್ಪಿಸಿಧಂಗ."

"ಹೆಣ್ಣು ನೋಡೋಕೆ ಬರೋ ದಿನ ಯಾರ ಮನೇಲಿ ಜಗಳ ಆಗತ್ತೆ ಹೇಳು?" ಎಂದೆ. "ಅವರನ್ನ ಮಾತಾಡಿಸ್ಬೇಕು ಅಂದ್ರೆ ಭಾನುವಾರ ನನ್ ಜೊತೆ ಬನಶಂಕರಿ ಗುಡಿಗೆ ಬಾ."

ಭಾನುವಾರದ ರಾಹುಕಾಲ ಸಂಜೆಗೆ. ಫ್ಯಾಕ್ಟರಿಗೆ ರಜೆ. ದೀಪ ಹಚ್ಚಲು ಗಾರ್ಮೆಂಟ್ಸಿನ ಹೆಂಗಸರು ಗುಂಪಾಗಿ ಬರುತ್ತಿದ್ದರು. ಅವಳಿಗೆ ದೇವರೆಂದರೆ ಅಷ್ಟಕ್ಕಷ್ಟೆ. ಆದರೂ ನೆಲದ ಮೇಲೆ ಅವರ ನಡುವೆ ಕೂತು ನಿಂಬೆಹಣ್ಣು ಹಿಂಡಿದಳು, ಸಿಪ್ಪೆ ಮಗುಚಿ ಬಟ್ಟಲು ಮಾಡುವುದನ್ನು ಕಲಿತಳು. ಹೆಂಗಸರಿಗೆ ಕೈಗೆ ಕೆಲಸ ಸಿಕ್ಕರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ಕನಕಪುರದ ಕಡೆಯ ಹೆಂಗಸೊಬ್ಬಳು ಹೇಳಿದಳು. ಕೆಲಸದ ಹೊತ್ತಿನಲ್ಲಿ ಯಾರೂ ಹೊರಗೆ ಹೋಗಬಾರದೆಂದು ಹಿಂದಿನ ಬಾಗಿಲಿಗೆ ಬೀಗ ಹಾಕುತ್ತಾರಂತೆ. ಬೆಂಕಿ ಬಿದ್ದರೆ ದೇವರೇ ಗತಿ.

"ನಿಮ್ಮ ಹೆಸರ ಹೊರಗ ಬರಂಗಿಲ್ಲ. ಆ ಬಾಗಿಲಾ ನಾ ತಗಸ್ತೇನಿ," ಎಂದು ನಮ್ಮ ಹುಡುಗಿ ಮಾತು ಕೊಟ್ಟಳು. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದಳು. ಹೆಸರೇನೋ ಹೊರಗೆ ಬರಲಿಲ್ಲ. ಆದರೆ ವಿದೇಶದ ಕಂಪನಿಯವರು ಬಾಗಿಲು ತೆಗೆಯಿರಿ ಎಂದು ಹೇಳುವ ಗೋಜಿಗೇ ಹೋಗಲಿಲ್ಲ. ನಮಗೆ ಕೆಟ್ಟ ಹೆಸರು ಬೇಡವೆಂದು ಆರ್ಡರನ್ನೇ ಬೇರೆ ಊರಿಗೆ ಕೊಟ್ಟುಬಿಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಫ್ಯಾಕ್ಟರಿ ಮುಚ್ಚಿತು.

ಫ್ಯಾಕ್ಟರಿ ಮುಚ್ಚಿದ ವಾರದ ಭಾನುವಾರ ಕನಕಪುರದ ಹೆಂಗಸು ಗುಡಿಗೆ ದೀಪ ಹಚ್ಚಲು ಬರಲಿಲ್ಲ, ಇವಳನ್ನು ಹುಡುಕಿಕೊಂಡೇ ಬಂದಳು. "ಬಾಗ್ಲು ತೆಗೆಸ್ತೀನಿ ಅಂದ್ರಲ್ಲ ಮೇಡಂ, ಈಗ ಇಡೀ ಫ್ಯಾಕ್ಟರಿಗೇ ಬೀಗ ಹಾಕ್ಸಿದ್ರಿ. ಆ ಬೀಗದ್ ಒಳಗೆ ನಮ್ ಸಂಬಳ ಇತ್ತು."

ನಮ್ಮ ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಆ ಹೆಂಗಸು ಜನರ ನಡುವೆ ಹೊರಟುಹೋಗಿದ್ದಳು...

ಆಮೇಲೆ ಇವಳು ಕೆಲಸ ಬಿಟ್ಟಳು. ತಾನೇ ಸ್ವಂತವಾಗಿ ಕಂಪನಿಗಳಿಗೆ ಸಲಹೆ ಕೊಡುತ್ತೇನೆಂದು ನಮ್ಮ ಮಹಡಿಯಲ್ಲೇ ಒಂದು ಕಂಪ್ಯೂಟರು ಇಟ್ಟುಕೊಂಡು ಕೂತಳು.

ನಮ್ಮ ಯಜಮಾನರು ರೇಗಿಸಿದರು: "ಕನ್ಸಲ್ಟೆಂಟ್ ಅಂದ್ರೆ ಕೆಲಸ ಇಲ್ದೋರು ಹಾಕ್ಕೊಳೋ ಬೋರ್ಡ್ ಅಲ್ವೇನಮ್ಮ?"

"ಹೌದ್ರಿ ಅಂಕಲ್, ನನಗ ಆ ಬೋರ್ಡೂ ಇಲ್ಲ ನೋಡ್ರಿ," ಎಂದು ನಕ್ಕಳು.

ಅವಳದು ಒಂದೇ ಷರತ್ತು. ತಪ್ಪು ಕಂಡರೆ ಕಂಪನಿಯವರು ಫ್ಯಾಕ್ಟರಿಯ ಕೈ ಬಿಟ್ಟು ಓಡಬಾರದು, ಸರಿಯಾಗುವವರೆಗೂ ಆರ್ಡರು ನಿಲ್ಲಿಸಬಾರದು. ಅದಕ್ಕೆ ಒಪ್ಪುವವರು ಬಹಳ ಕಾಲ ಸಿಗಲೇ ಇಲ್ಲ. "ಬರೇ ನೋಡಿ ಬರೋರು ಬೇಕ್ರಿ ಅವ್ರಿಗೆ. ಕೂತು ಸರಿ ಮಾಡೋರು ಬ್ಯಾಡ," ಎನ್ನುತ್ತಿದ್ದಳು. ರಾತ್ರಿಗೆ ಅವಲಕ್ಕಿಯೇ ಗತಿಯಾದ ದಿನಗಳಲ್ಲಿ ನಾನು ಹುಳಿ ಅನ್ನ ಕೊಟ್ಟು ಕಳಿಸುತ್ತಿದ್ದೆ. ದೇವಿ ಕಣ್ಣು ಬಿಟ್ಟಳು. ಒಂದು ಕಂಪನಿ ಒಪ್ಪಿತು, ಮರುವರ್ಷ ಇನ್ನೊಂದು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷಕ್ಕೆ ಮೀಟಿಂಗು ಎಂದು ದೆಹಲಿಗೆ ವಿಮಾನದಲ್ಲಿ ಹೋಗಿಬರುವಂತಾದಳು, ಕೈಕೆಳಗೆ ಹುಡುಗಿಯರನ್ನೂ ಇಟ್ಟುಕೊಂಡಳು. ಮುಚ್ಚಿದ ಫ್ಯಾಕ್ಟರಿಯ ಹೆಂಗಸರನ್ನು ಹುಡುಕಿ ಹುಡುಕಿ ಬೇರೆ ಕಡೆ ಸೇರಿಸಿದಳು. ಕನಕಪುರದ ಆ ಹೆಂಗಸು ಮಾತ್ರ ಸಿಗಲಿಲ್ಲ. ಬಾಡಿಗೆ ಮನೆ ಖಾಲಿ ಮಾಡಿದಳೆಂದರು. ಊರಿಗೆ ಹೋದಳೆಂದರು ಒಬ್ಬರು, ತಿರುಪ್ಪೂರಿಗೆ ಎಂದರು ಇನ್ನೊಬ್ಬರು.

ಆದರೂ ನಮ್ಮ ಹುಡುಗಿ ಭಾನುವಾರ ಗುಡಿಗೆ ಬರುವುದನ್ನು ತಪ್ಪಿಸುತ್ತಿರಲಿಲ್ಲ. "ಭಕ್ತಿ ಬಂತೇನೇ ಕೊನೆಗೂ?" ಎಂದು ಕೆಣಕಿದರೆ, "ಭಕ್ತಿ ನಿಮಗಿರ್ಲಿ ಅಕ್ಕಾರ. ನಾ ಬರೇ ಪಾಳೇದಾಗ ನಿಂತು ಮಂದಿ ಮಾರಿ ನೋಡ್ತೇನಿ. ಆಕಿಗೆ ಒಂದ ಮಾತ ಹೇಳೂದೈತಿ," ಎನ್ನುತ್ತಿದ್ದಳು.

ಒಂದು ಸಲ ಜ್ವರವೆಂದು ಊರಿಗೆ ಹೋದವಳು ತಿರುಗಿ ಬರಲಿಲ್ಲ. ಜ್ವರ ಮೆದುಳಿಗೆ ಏರಿತಂತೆ... ಅಣ್ಣಂದಿರು ಬಂದು ಕೋಣೆ ಖಾಲಿ ಮಾಡಿಕೊಂಡು ಹೋದರು. ಬಹಳ ನರಳಲಿಲ್ಲವಂತೆ. ಅಷ್ಟು ದಯೆಯನ್ನಾದರೂ ಬನಶಂಕರಿ ಅಮ್ಮ ತೋರಿಸಿದಳು.

ಈ ಭಾನುವಾರ ಎದುರು ಮನೆಯ ಸೊಸೆಯನ್ನು ಗುಡಿಗೆ ಕರೆದುಕೊಂಡು ಹೋಗಿದ್ದೆ. ಸಾಲಿನಲ್ಲಿ ನಿಂತಾಗ, "ಆಂಟಿ, ಯಾರನ್ನ ಹುಡುಕ್ತಿದೀರಾ?" ಎಂದು ಕೇಳಿದಳು. ಆಗಲೇ ನನಗೂ ಗೊತ್ತಾದದ್ದು, ಇಷ್ಟು ವರ್ಷವೂ ಬಂದವರ ಮುಖ ನೋಡುತ್ತಲೇ ನಿಂತಿದ್ದೇನೆ ಎಂದು. ಕನಕಪುರದವಳಿಗೂ ಈಗ ನನ್ನ ಹಾಗೆ ತಲೆ ನರೆತಿರಬೇಕು. ಎದುರಿಗೇ ಬಂದರೂ ಗುರುತು ಸಿಗಲಾರದು. ಸಿಕ್ಕರೂ ಏನು ಹೇಳಲಿ? ನಮ್ಮ ಹುಡುಗಿ ಹೇಳಬೇಕೆಂದಿದ್ದ ಆ ಒಂದು ಮಾತು ಯಾವುದೆಂದು ನಾನು ಒಂದು ದಿನವೂ ಕೇಳಲಿಲ್ಲ.