ಕೇಳಿಸಿಕೊಳ್ಳುವುದರ ಮೇಲೆ ಒಂದು ಪಿಎಚ್‌ಡಿ

ಐವತ್ತು ದಾಟಿದ ಮೇಲೆ ಹೆಡ್‌ಮೇಡಂ ಪಿಎಚ್‌ಡಿಗೆ ಕೈಹಾಕಿದಾಗ ಮನೆಯಲ್ಲಿ ನಗೆಯೋ ನಗೆ. ಇವಳು ಡಾಕ್ಟರ್ ಆಗುವ ಹೊತ್ತಿಗೆ ತಮಗೊಬ್ಬ ಡಾಕ್ಟರ್ ಬೇಕಾಗುತ್ತಾನೆ ಎಂದು ಗಂಡ ಬಂದವರೆದುರೆಲ್ಲ ಹೇಳುತ್ತಿದ್ದರು. ಆರು ವರ್ಷವಾಯಿತು, ಈಗ ಆ ಜೋಕಿಗೆ ಅವರೂ ನಗುವುದಿಲ್ಲ. ಇದು ಕೊನೆಯ ಗಡುವು. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು, ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ವಿಷಯ ಅವರೇ ಆರಿಸಿಕೊಂಡದ್ದು: ಪಠ್ಯಕ್ರಮ ರೂಪಿಸುವಾಗ ಶಾಲೆಯ ಮುಖ್ಯಸ್ಥರು ಶಿಕ್ಷಕರ ಮಾತಿಗೆ ಎಷ್ಟು ಕಿವಿಗೊಡುತ್ತಾರೆ? ಎರಡು ವರ್ಷದ ಹಿಂದೆ ತಮ್ಮ ಶಾಲೆಯ ಶಿಕ್ಷಕರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಅದನ್ನು ಬರಹಕ್ಕಿಳಿಸುವುದೊಂದೇ ಬಾಕಿ. ಭಾನುವಾರ ಊಟದ ಮೇಜಿನ ಪಾತ್ರೆಗಳನ್ನು ಸರಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರು.

ಕೇಳಿದರೆ ಬರೀ ತಮ್ಮದೇ ದನಿ. ಪ್ರಶ್ನೆಯೂ ತಮ್ಮದೇ, ಉತ್ತರವೂ ತಮ್ಮದೇ. ವಿಜ್ಞಾನದ ಟೀಚರ್ "ಎಂಟನೇ ಕ್ಲಾಸಿನ ಪಾಠ..." ಎಂದು ಬಾಯಿ ತೆರೆಯುವಷ್ಟರಲ್ಲಿ, "ಜಾಸ್ತಿಯಾಯ್ತು ಅಂತೀರಿ, ಅಲ್ವಾ? ಗೊತ್ತಾಯ್ತು ಬಿಡಿ" ಎಂದು ತಾವೇ ಮುಗಿಸಿಕೊಟ್ಟಿದ್ದರು. ಪಾಪ, ಆಕೆ "ಹೂಂ ಮೇಡಂ" ಎಂದಿದ್ದರು. ಎಲ್ಲರದೂ ಹೂಂ ಮೇಡಂ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಹೆಡ್‌ಮೇಡಂಗೆ ನಾಚಿಕೆಗಿಂತ ಹೆಚ್ಚಾಗಿ ಸುಸ್ತಾಯಿತು. ಗೈಡಿಗೆ ಫೋನ್ ಮಾಡಿದರೆ, ನಿವೃತ್ತಿಯ ಹೊಸ್ತಿಲಲ್ಲಿದ್ದ ಆ ಪುಣ್ಯಾತ್ಮರು, ಹೂಂ ಅಂದರೂ ಒಪ್ಪಿಗೆಯೇ ತಾನೇ, ಬರೆದು ಮುಗಿಸಿಬಿಡಿ ಎಂದರು. ಮುಗಿಸಬಹುದಿತ್ತು. ಯಾರು ಕೇಳುತ್ತಿದ್ದರು?

ಮನಸ್ಸು ಒಪ್ಪಲಿಲ್ಲ. ಸೋಮವಾರ ಶಾಲೆ ಬಿಟ್ಟ ಮೇಲೆ ವಿಜ್ಞಾನದ ಟೀಚರ್ ಇದ್ದ ಲ್ಯಾಬಿಗೇ ಹೋಗಿ, ಸ್ಟೂಲ್ ಎಳೆದುಕೊಂಡು ಕೂತರು. ಅವತ್ತು ಆ ಪಾಠದ ಬಗ್ಗೆ ಏನು ಹೇಳಬೇಕೆಂದಿದ್ದಿರೋ ಈಗ ಹೇಳಿ, ನಾನು ಬಾಯಿ ಬಿಡುವುದಿಲ್ಲ ಎಂದರು. ನಿಜಕ್ಕೂ ಬಿಡಲಿಲ್ಲ; ತುಟಿಯವರೆಗೆ ಬಂದದ್ದನ್ನೆಲ್ಲ ನುಂಗಿಕೊಂಡರು. ಅಷ್ಟು ಸುಮ್ಮನಿರುವುದು ಅವರಿಗೆ ದಿನವಿಡೀ ಪಾಠ ಮಾಡಿದ್ದಕ್ಕಿಂತ ಆಯಾಸವೆನಿಸಿತು.

ಟೀಚರ್ ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅವತ್ತು ಹೇಳೋದು ತುಂಬಾ ಇತ್ತು ಮೇಡಂ," ಎಂದರು. ಕೋಪವೇನೂ ಇರಲಿಲ್ಲ. "ಈಗ ಏನೂ ನೆನಪಾಗ್ತಿಲ್ಲ."

ಉಳಿದವರನ್ನೂ ಕೇಳಿ ನೋಡಿದರು. ಹೆಚ್ಚುಕಡಿಮೆ ಇದೇ ಉತ್ತರ. ಗಡುವು ಬಂತು, ಹೋಯಿತು. ಯಾಕೆ ಒಪ್ಪಿಸಲಿಲ್ಲ ಎಂದು ಗಂಡ ಮೆತ್ತಗೆ ಕೇಳಿದರು.

"ಅವರು ಹೇಳಿದ್ದು ಅಂತ ನನ್ನ ಹತ್ರ ಒಂದು ಮಾತೂ ಇಲ್ಲ ರೀ."