ನರಜಿತ್ ಪುನ್ ಕುಡಿದ ನೀರು

ಫ್ರಾನ್ಸಿನ ಯುದ್ಧ ಮುಗಿಸಿ ನೇಪಾಳದ ಗುಲ್ಮಿಯ ಬೆಟ್ಟದೂರಿಗೆ ಮರಳಿದ ಮಗರ ಕುಲದ ನರಜಿತ್ ಪುನ್ ಮೂರು ವಾರ ಎಮ್ಮೆಕೊಟ್ಟಿಗೆಯಲ್ಲೇ ಮಲಗಿದ. ಕಡಲು ದಾಟಿದವನ ಕೈನೀರನ್ನು ಶುದ್ಧಿಯಾಗುವ ತನಕ ಮನೆಯವರು ಮುಟ್ಟುವಂತಿರಲಿಲ್ಲ. ಜೊತೆಗಾರರಿಗೆ ಪಲ್ಟನ್ನಿನಲ್ಲೇ ಶುದ್ಧಿ ಆಗಿತ್ತು; ಆಸ್ಪತ್ರೆಯಲ್ಲಿದ್ದ ಇವನೊಬ್ಬ ತಪ್ಪಿಹೋಗಿದ್ದ. ಎಮ್ಮೆಗಳೇನೂ ತಕರಾರು ತೆಗೆಯಲಿಲ್ಲ.

ತಾಯಿ ಮೈಸರಿ ರಾಗಿಮುದ್ದೆಯನ್ನು ಎಲೆಯ ಮೇಲಿಟ್ಟು ದೂರದಿಂದ ತಳ್ಳುತ್ತಿದ್ದಳು. ಬಿಸಿಯಿದ್ದರೂ ತಣ್ಣಗಿದ್ದರೂ ಅವನು ಒಂದೇ ಥರ ನುಂಗುತ್ತಿದ್ದ. ಅವಳಿಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ.

"ನಾಳೆ ಪುರೋಹಿತ ಬಾಜೆ ಬರ್ತಾರೆ. ಏನ್ ಕೇಳಿದ್ರೂ ಇಲ್ಲ ಅನ್ನು ಮಗಾ. ಸಾಯೋದ್ರೊಳಗೆ ನಿನ್ ಜೊತೆ ಕೂತು ಉಣ್ಬೇಕು ನಾನು."

"ಹೂಂ, ಅವ್ವ."

ಬಾಜೆ ಬಂದರು. ಸಂತೆಯಲ್ಲಿ ಹೋರಿಯ ಹಲ್ಲು ನೋಡುವವರಂತೆ ನರಜಿತನನ್ನು ನೋಡಿದರು.

"ಹಡಗಲ್ಲಿ ಏನ್ ತಿಂದೆ?"

"ಹುರಿಗಡಲೆ, ಬೆಲ್ಲ."

"ಪರರ ಕೈನೀರು?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಒಂದ್ಸಲ ಕುಡ್ದೆ. ಕಂದಕದಲ್ಲಿ ಒಬ್ಬ ಜರ್ಮನಿಯವನ್ನ ಖುಕುರೀಲಿ ಕಡಿದಿದ್ದೆ. ಇನ್ನೂ ಉಸಿರಿತ್ತು. ತನ್ ಬಾಟ್ಲಿ ಕಡೆಗೇ ನೋಡ್ತಿದ್ದ. ನಾನು ಕುಡಿದ್ಬಿಟ್ಟೆ." ಪಕ್ಕದೂರಿನ ದಾರಿ ಹೇಳುವವನ ದನಿಯಲ್ಲಿ ಹೇಳಿದ.

ಮೈಸರಿ ಹಣೆ ಚಚ್ಚಿಕೊಂಡಳು. ಬಾಜೆ ಪುಸ್ತಕ ತಿರುವಿದರು.

"ಯಾವ ಜಾತಿಯವನು?"

"ಕೇಳ್ಲಿಲ್ಲ, ಬಾಜೆ."

"ಹೋಗ್ಲಿ. ಕಡಲು ದಾಟಿದ್ದಕ್ಕೆ ಮೂರು ದಿನ, ಆ ನೀರಿಗೆ ಇನ್ನೆರಡು ದಿನ ಉಪವಾಸ, ಪಂಚಗವ್ಯ."

"ಕಡಿದಿದ್ದಕ್ಕೆ?"

"ಅದು ದೊರೆ ಕೆಲಸ. ದೋಷ ಇಲ್ಲ."

"ಸರಿಯಾಗಿ ನೋಡಿ. ಹತ್ತು ದಿನ ಬೇಕಾದ್ರೂ ಉಪವಾಸ ಇರ್ತೀನಿ."

"ಪುಸ್ತಕದಲ್ಲಿ ಇಲ್ಲದ್ದನ್ನ ಎಲ್ಲಿಂದ ತರ್ಲಯ್ಯ?"

ನೆರೆಯ ಬಲಮನ್ ನಕ್ಕ. "ಪುಗಸಟ್ಟೆ ಬಿಡ್ತೀನಿ ಅಂದ್ರೂ ಬೇಡ ಅಂತಾನಲ್ಲಪ್ಪ! ಪಲ್ಟನ್ನಲ್ಲಿ ಕೊಟ್ಟ ಬುದ್ಧಿ ಇದೇನಾ?"

ಐದನೆಯ ದಿನ ಶುದ್ಧಿಯಾಯಿತು. ಊರವರ ಎದುರು ಮೈಸರಿ ಮಗನ ಕೈಯಿಂದ ತಂಬಿಗೆ ಇಸಿದುಕೊಂಡು, ಗಂಟಲು ತುಂಬ ನೀರು ಕುಡಿದಳು. ಒಳಗೆ ಒಲೆಯ ಮುಂದೆ ಎರಡು ಚಾಪೆ ಹಾಸಿ, ಕೋಳಿಸಾರು ಬಡಿಸಿ ಕರೆದಳು. ನರಜಿತ್ ಹೊಸ್ತಿಲವರೆಗೆ ಬಂದ. ಒಲೆಯನ್ನು ನೋಡಿದ. ಹಿಂತಿರುಗಿ ಕೊಟ್ಟಿಗೆಗೆ ನಡೆದ.

"ಎಲ್ಲಿಗೋ? ಎಲ್ಲಾ ಕಳೀತಲ್ಲ!"

"ನೀರಿಂದು ಕಳೀತು, ಅವ್ವ."

ಬೈದಳು, ಅತ್ತಳು, ಅವನು ಗೋಡೆಗೆ ಒರಗಿ ಕೇಳಿಸಿಕೊಂಡ. ಸಾರು ಆರುತ್ತಿತ್ತು. ಕೊನೆಗೆ ಮೈಸರಿ ಎರಡೂ ತಟ್ಟೆ ಎತ್ತಿಕೊಂಡು ಕೊಟ್ಟಿಗೆಗೆ ಬಂದಳು, ಸಗಣಿಯನ್ನು ಕಾಲಲ್ಲಿ ಸರಿಸಿ ಅವನ ಪಕ್ಕ ಕೂತಳು.

"ಉಣ್ಣು."

ಇಬ್ಬರೂ ಉಂಡರು.